ಪ್ರತಿಜ್ಞೆಯ ಅರ್ಥ

ಕೊಟ್ಟ ಭಾಷೆಗೆ ತಪ್ಪದಿರುವುದು ಕನ್ನಡ ನಾಡಿನ ಪುರಾತನ ಆದರ್ಶ. ಆದರೆ ಆ ಭಾಷೆಯನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲವೂ ಒಂದೊಂದು ಉತ್ತರವನ್ನು ನೀಡಿದೆ.

ಹಿಂದೆ ನಿಷ್ಠೆಯೆಂದರೆ ಒಡೆಯನಲ್ಲಿ ಇಡುವ ನಿಷ್ಠೆ. ಉಂಡ ಅನ್ನದ ಋಣವನ್ನು ತೀರಿಸುವ ಹೊಣೆಗೆ ‘ಜೋಳವಾಳಿ’ ಎಂದೂ, ವೇಳೆ ಬಂದಾಗ ಒಡೆಯನಿಗಾಗಿ ಪ್ರಾಣವನ್ನೇ ಒಪ್ಪಿಸುವ ವ್ರತಕ್ಕೆ ‘ವೇಳೆವಾಳಿ’ ಎಂದೂ ಹೆಸರಿತ್ತು. ಹೊಯ್ಸಳರ ಕಾಲದಲ್ಲಿ ಅರಸನೊಡನೆ ತಾವೂ ಮಡಿಯುವೆವೆಂದು ಭಾಷೆ ಕೊಟ್ಟ ವೀರರು ‘ಗರುಡ’ರೆನಿಸಿದರು. ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣವನ್ನು ತ್ಯಜಿಸಿದ ಕುವರಲಕ್ಷ್ಮನ ಕಥೆಯನ್ನು ಹಳೇಬೀಡಿನ ಗರುಡಸ್ತಂಭವು ಇಂದಿಗೂ ಸಾರುತ್ತಿದೆ. ಆ ತ್ಯಾಗ ದೊಡ್ಡದು. ಆದರೆ ಅದು ಒಬ್ಬ ವ್ಯಕ್ತಿಗೆ ಸಂದ ತ್ಯಾಗ.

ಪ್ರಜಾಪ್ರಭುತ್ವದಲ್ಲಿ ಪ್ರಜೆಗಳೇ ಒಡೆಯರು. ಆದುದರಿಂದ ನಿಷ್ಠೆಯ ಸ್ವರೂಪವೂ ಬದಲಾಯಿತು. ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅವರು 1962ರಲ್ಲಿ ತೆಲುಗಿನಲ್ಲಿ ಒಂದು ಪ್ರತಿಜ್ಞೆಯನ್ನು ರಚಿಸಿದರು. 1964ರಲ್ಲಿ ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯು ಅದನ್ನು ಎಲ್ಲ ಶಾಲೆಗಳಿಗೂ ಶಿಫಾರಸು ಮಾಡಿತು. 1965ರ ಜನವರಿ 26ರಿಂದ ಅದು ದೇಶದ ಪ್ರತಿಜ್ಞೆಯಾಯಿತು. ಅದರಲ್ಲಿ ಯಾವ ಅರಸನ ಹೆಸರೂ ಇಲ್ಲ, ಯಾವ ಅಧಿಕಾರಿಯ ಹೆಸರೂ ಇಲ್ಲ. ದೇಶವನ್ನು ತನ್ನದೆಂದು ಒಪ್ಪಿದ ಕೂಡಲೇ ಅದು ಎಲ್ಲ ಭಾರತೀಯರನ್ನೂ ಒಡಹುಟ್ಟಿದವರೆಂದು ಭಾವಿಸುತ್ತದೆ. ಕೊನೆಗೆ ಅವರ ಏಳಿಗೆಯಲ್ಲಿಯೇ ತನ್ನ ಸುಖವನ್ನು ಕಾಣುತ್ತದೆ.

ಇಂತಹ ನಿಷ್ಠೆಯನ್ನು ಬಲವಂತದಿಂದ ಪಡೆಯಬಹುದೆ? ಅಮೆರಿಕದ ಶಾಲೆಗಳಲ್ಲಿ ಫ್ರಾನ್ಸಿಸ್ ಬೆಲ್ಲಮಿ ಎಂಬಾತನು 1892ರಲ್ಲಿ ಬರೆದ ಧ್ವಜಪ್ರತಿಜ್ಞೆಯು ರೂಢಿಗೆ ಬಂದಿತ್ತು. ಅದನ್ನು ಹೇಳಲೇಬೇಕೆಂದು ಮಕ್ಕಳನ್ನು ಒತ್ತಾಯಿಸಕೂಡದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1943ರಲ್ಲಿ ತೀರ್ಪಿತ್ತಿತು. ಕೇರಳದಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ ತಮ್ಮ ಧರ್ಮಶ್ರದ್ಧೆಯ ಕಾರಣ ಹಾಡದಿದ್ದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಕಳುಹಿಸಲಾಗಿತ್ತು. ಅದು ಸರಿಯಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಸಾರಿತು. ಗೌರವವು ನಡತೆಯಲ್ಲಿ ಕಾಣಬೇಕು. ಭಯದಿಂದ ಹುಟ್ಟಿದ ಮಾತು ನಿಷ್ಠೆಯಾಗಲಾರದು.

ತುಂಗಭದ್ರೆಯ ತೀರದ ಹರಿಹರದಲ್ಲಿ, ಬಲ್ಲಾಳನ ಮಗನಾದ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಮೂರ್ತಿಯಲ್ಲಿ ಹರಿಯೂ ಹರನೂ ಒಂದೇ ದೇಹವಾಗಿ ನಿಂತಿದ್ದಾರೆ. ಒಬ್ಬನಿಗಾಗಿ ಇನ್ನೊಬ್ಬನು ತನ್ನ ಲಾಂಛನವನ್ನು ಬಿಟ್ಟಿಲ್ಲ. ಆದರೂ ಮೂರ್ತಿ ಎರಡಾಗಿಲ್ಲ. ನಾನಾ ಮತಗಳ, ನಾನಾ ಭಾಷೆಗಳ ಮನೆಗಳಿಂದ ಬಂದ ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಹೇಳುವ ಪ್ರತಿಜ್ಞೆಯ ಆಶಯವೂ ಇದೇ ಆಗಿದೆ.

ಪ್ರತಿಜ್ಞೆಯನ್ನು ಬಾಯಿಪಾಠ ಮಾಡುವುದು ಸುಲಭ. ಸಾಲಿನಲ್ಲಿ ಪಕ್ಕದಲ್ಲಿ ನಿಂತವನನ್ನು ಜಾತಿಯಿಂದಲೋ ಬಡತನದಿಂದಲೋ ಅಳೆಯದೆ ಸೋದರನೆಂದು ಕಾಣುವುದು ಕಷ್ಟ. ಮುಂಜಾನೆ ಆಡಿದ ಮಾತು ಸಂಜೆಯವರೆಗಿನ ನಡತೆಯಲ್ಲಿ ಉಳಿದಾಗಲೇ ಕೊಟ್ಟ ಭಾಷೆ ಸಲ್ಲುತ್ತದೆ.