ನಾಲಿಗೆಯ ಮೇಲೆ ಕರಗುವ ಮಧುಮೇಹದ ಔಷಧಿ

ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ಅಂದಾಜಿಸಿದೆ. ಇವರಲ್ಲಿ ವಯೋವೃದ್ಧರಿಗೂ ಪಾರ್ಶ್ವವಾಯು ಪೀಡಿತರಿಗೂ ಮಾತ್ರೆ ನುಂಗುವುದೇ ದೊಡ್ಡ ಕಷ್ಟ. ಕಾರವಾರ, ಅಂಕೋಲೆಯ ಮನೆಗಳಲ್ಲಿ ಅಂಥವರಿಗೆ ಮಾತ್ರೆಯನ್ನು ಪುಡಿಮಾಡಿ ಗಂಜಿಯಲ್ಲಿ ಕಲಸಿ ಕೊಡುವುದುಂಟು. ಹೆಸರಿನೊಡನೆ ಎಸ್‌ಆರ್ ಅಥವಾ ಎಕ್ಸ್‌ಆರ್ ಎಂದಿರುವ ಮಾತ್ರೆಗಳನ್ನು ಹೀಗೆ ಎಂದಿಗೂ ಪುಡಿಮಾಡಬಾರದು. ದಿನವಿಡೀ ಮೆಲ್ಲಮೆಲ್ಲನೆ ಸಲ್ಲಬೇಕಾದ ಔಷಧಿ ಒಮ್ಮೆಲೇ ದೇಹವನ್ನು ಸೇರಿಬಿಡುತ್ತದೆ.

ಈ ತೊಡಕಿಗೆ ಔಷಧ ವಿಜ್ಞಾನಿಗಳು ಅರಸುತ್ತಿರುವ ಪರಿಹಾರಗಳಲ್ಲಿ ಓರಲ್ ಫಿಲ್ಮ್ ಎಂಬ ತೆಳುಪೊರೆಯೂ ಒಂದು. ಅಂಚೆಚೀಟಿಯಷ್ಟಿರುವ ಈ ಪೊರೆ ನಾಲಿಗೆಯ ಮೇಲಿಟ್ಟರೆ ನೀರಿಲ್ಲದೆಯೇ ಒಂದು ನಿಮಿಷದೊಳಗೆ ಕರಗುತ್ತದೆ. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಪೊರೆಗೆ ಅಮೆರಿಕದಲ್ಲಿ 2010ರಲ್ಲಿಯೇ ಅನುಮತಿ ದೊರೆಯಿತು. ಇದರ ತಯಾರಿಕೆ ನಮ್ಮ ಗೃಹಿಣಿಯರಿಗೆ ಅಪರಿಚಿತವಲ್ಲ. ಮಾವಿನ ರಸವನ್ನು ತಟ್ಟೆಗೆ ತೆಳುವಾಗಿ ಸವರಿ, ಒಣಗಿಸಿ, ಹಾಳೆಯಂತೆ ಬಿಡಿಸುವ ಕ್ರಮವೇ ಇಲ್ಲಿಯದೂ. ರಸದ ಬದಲು ನೀರಿನಲ್ಲಿ ಕರಗುವ ಸೆಲ್ಯುಲೋಸ್ ಜಾತಿಯ ಅಂಟು, ಪೊರೆ ಮುರಿಯದಂತೆ ಕೊಂಚ ಗ್ಲಿಸರಿನ್, ಕಹಿ ಮರೆಸಲು ಸಕ್ಕರೆಯಲ್ಲದ ಸಿಹಿಕಾರಕ, ಮತ್ತು ಔಷಧಿ.

ಆದರೆ ಎಲ್ಲ ಔಷಧಿಯೂ ಇದರಲ್ಲಿ ಹಿಡಿಸದು. ಮೆಟ್‌ಫಾರ್ಮಿನ್ ಒಂದು ಸಲಕ್ಕೆ 500 ಮಿಲಿಗ್ರಾಂ ಬೇಕು. ಪೊರೆ ಹೊರಬಲ್ಲುದು ಕೆಲವು ಹತ್ತು ಮಿಲಿಗ್ರಾಂಗಳನ್ನು ಮಾತ್ರ. 1ರಿಂದ 4 ಮಿಲಿಗ್ರಾಂ ಸಾಕಾಗುವ ಗ್ಲಿಮಿಪಿರೈಡ್ ಇದಕ್ಕೆ ಒಗ್ಗುತ್ತದೆ. ಅದು ನೀರಿನಲ್ಲಿ ಸುಲಭವಾಗಿ ಕರಗದ ವಸ್ತುವಾದ್ದರಿಂದ ಪೊರೆಯ ಪ್ರತಿ ತುಣುಕಿನಲ್ಲೂ ಸಮನಾಗಿ ಹರಡುವುದೇ ಸಂಶೋಧಕರಿಗೆ ಶ್ರಮದ ಕೆಲಸ. ಬಾಯಲ್ಲಿ ಕರಗಿದ ಮಾತ್ರಕ್ಕೆ ಔಷಧಿ ನೇರವಾಗಿ ರಕ್ತ ಸೇರಿತೆಂದು ತಿಳಿಯಬಾರದು. ಬಹುಪಾಲು ಎಂಜಲಿನೊಡನೆ ಜಠರಕ್ಕೇ ಇಳಿಯುತ್ತದೆ. ಮಧುಮೇಹಿಗಳಲ್ಲಿ ಬಾಯಿ ಒಣಗುವುದು ಸಾಮಾನ್ಯ. ಅಂಥವರಲ್ಲಿ ಪೊರೆ ಕರಗುವುದೂ ತಡ.

ನನ್ನ ಚಿಂತೆ ಇರುವುದು ಬೇರೆಡೆ. ಸುಶ್ರುತ ಸಂಹಿತೆಯು ಔಷಧಿ ಸೇವನೆಗೆ ಹತ್ತು ಕಾಲಗಳನ್ನು ಹೇಳಿದೆ. ಬರಿ ಹೊಟ್ಟೆ, ಊಟಕ್ಕೆ ಮುನ್ನ, ಊಟದ ನಡುವೆ, ತುತ್ತಿನೊಡನೆ ಇತ್ಯಾದಿ. ಗ್ಲಿಮಿಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹೊರಡಿಸುವ ಔಷಧಿ. ಅದರ ಕಾಲ ದಿನದ ಮೊದಲ ಊಟದೊಡನೆ. ನೀರೂ ಬೇಡವೆಂಬ ಸೌಲಭ್ಯದಿಂದ ಶಿವರಾತ್ರಿಯ ಉಪವಾಸದಲ್ಲೋ, ಇಷ್ಟಲಿಂಗಪೂಜೆಗೆ ಮುನ್ನ ನಿರಾಹಾರರಾಗಿರುವಾಗಲೋ ಇದನ್ನು ಬಾಯಿಗಿಟ್ಟರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಉಂಟಾಗಬಹುದು, ಪ್ರಜ್ಞೆಯೂ ತಪ್ಪಬಹುದು. ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಾಗ ಸೇವಿಸುವುದೇ ಸರಿ. ಉಪವಾಸ ಮಾಡುವವರು ಮೊದಲೇ ವೈದ್ಯರೊಡನೆ ಮಾತಾಡಿ ಪ್ರಮಾಣ ನಿಶ್ಚಯಿಸಿಕೊಳ್ಳಬೇಕು. ಎಚ್ಚರವಿದ್ದವರಿಗೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಕರಾವಳಿಗೆ ಇನ್ನೊಂದು ಮಾತು. ಆಷಾಢದಲ್ಲಿ ಡಬ್ಬಿ ತೆರೆದಿಟ್ಟ ಹಪ್ಪಳ ಮೆತ್ತಗಾಗುವಂತೆ ಈ ಪೊರೆಯೂ ಗಾಳಿಯ ತೇವ ಹೀರಿ ಅಂಟಾಗುತ್ತದೆ. ಆದ್ದರಿಂದ ಪ್ರತಿ ಪೊರೆಯೂ ಪ್ರತ್ಯೇಕ ಅಲ್ಯೂಮಿನಿಯಂ ಹಾಳೆಯ ಲಕೋಟೆಯಲ್ಲಿ ಇರಬೇಕು. ಬಾಯಿಗಿಡುವ ಕ್ಷಣದಲ್ಲಿಯೇ, ಒಣಗಿದ ಕೈಯಿಂದ ಅದನ್ನು ಒಡೆಯಬೇಕು. ಪೊರೆ ದೊರೆಯದಲ್ಲಿ, ಸ್ವತಃ ಮಾತ್ರೆ ಅರೆಯುವ ಬದಲು, ನುಂಗಲು ಸುಲಭವಾದ ಬೇರೆ ರೂಪವಿದೆಯೇ ಎಂದು ವೈದ್ಯರನ್ನು ಕೇಳಿರಿ.