ರೈಲಿನ ಶೌಚಾಲಯದ ಕಾಣದ ಕೆಲಸಗಾರರು

ಕುಬಟೂರಿನಿಂದ ಸಾಗರಕ್ಕೆ ಬಂದು ಬೆಂಗಳೂರಿನ ರೈಲನ್ನೇರುವ ವಿದ್ಯಾರ್ಥಿಗಳು, ಓಡುವ ಗಾಡಿಯ ಮಲವು ಎಲ್ಲಿಗೆ ಹೋಗುವುದೆಂದು ಯೋಚಿಸಿರುವರೆ? ಹಿಂದೆ ಅದು ನೇರವಾಗಿ ಹಳಿಗಳ ಮೇಲೆ ಬೀಳುತ್ತಿದ್ದಿತು. ಕಬ್ಬಿಣವು ತುಕ್ಕು ಹಿಡಿಯುತ್ತಿದ್ದಿತು. ನಿಲ್ದಾಣಗಳಲ್ಲಿ ಅದನ್ನು ತೊಳೆಯುವ ಪಾಡು ಮನುಷ್ಯರದಾಗಿದ್ದಿತು. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ 2011ರಿಂದೀಚೆಗೆ ಜೈವಿಕ ಶೌಚಾಲಯಗಳು ಬಂದುವು. ಬೋಗಿಯ ಅಡಿಯ ತೊಟ್ಟಿಯಲ್ಲಿ, ಆಮ್ಲಜನಕದ ಹಂಗಿಲ್ಲದೆ ಬಾಳುವ ಬ್ಯಾಕ್ಟೀರಿಯಾಗಳು ಮಲವನ್ನು ಒಡೆಯುತ್ತವೆ. ಮಿಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲಗಳು ಗಾಳಿಗೆ ಸೇರುತ್ತವೆ. ನೀರು ಕ್ಲೋರಿನ್ನಿನ ಸಂಸ್ಕಾರ ಪಡೆದು ಹೊರಬೀಳುತ್ತದೆ. ಆದರೆ ಈ ಸೂಕ್ಷ್ಮಜೀವಿಗಳು ಪ್ಲಾಸ್ಟಿಕ್ಕನ್ನು ಅರಗಿಸಲಾರವು. ನಾವು ಎಸೆದ ಒಂದು ಬಾಟಲಿಯು ಕೊಳವೆಯನ್ನು ಕಟ್ಟಿದರೆ, ಅದನ್ನು ತೆಗೆಯಬೇಕಾದುದು ಮತ್ತೆ ಮನುಷ್ಯನ ಕೈಯೇ.