ಬುರ್ರಕಥೆಯ ಈರಮ್ಮ

ವಿದ್ಯೆಯೆಂದರೆ ಓದುಬರಹವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅಕ್ಷರದ ನೆರವಿಲ್ಲದೆ ಕಾವ್ಯಗಳನ್ನೇ ಕಂಠದಲ್ಲಿ ಧರಿಸಿದ ಹಿರಿಯರು ನಮ್ಮ ನಾಡಿನಲ್ಲಿ ಆಗಿಹೋಗಿದ್ದಾರೆ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಅಂಥವರಲ್ಲೊಬ್ಬರು.

ಈರಮ್ಮನವರು 1930ರಲ್ಲಿ ಅಲೆಮಾರಿಗಳಾದ ಬುಡ್ಗ ಜಂಗಮರ ಮನೆತನದಲ್ಲಿ ಜನಿಸಿದರು. ಊರಿಂದೂರಿಗೆ ಸಂಚರಿಸಿ ಕಥೆ ಹಾಡುವುದು ಆ ಜನರ ಕುಲವೃತ್ತಿ. ಹೀಗಿರಲು ಶಾಲೆಯ ಮೆಟ್ಟಿಲೇರುವ ಅವಕಾಶ ಅವರಿಗೆ ಒದಗಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಲಾಲಪ್ಪನವರೇ ಅವರಿಗೆ ಗುರುಗಳಾದರು. ಮುಂದೆ ಮನೆಯವರೇ ಆದ ಶಿವಮ್ಮ, ಪಾರ್ವತಮ್ಮ ಇವರಿಬ್ಬರೊಡನೆ ಮೂವರ ಮೇಳ ಸಿದ್ಧವಾಯಿತು.

ಹೈದರಾಬಾದಿನಲ್ಲಿ ಬೆಳೆಯುವ ನಿಮಗೆ ಬುರ್ರಕಥೆ ಎಂಬ ಹೆಸರು ಅಪರಿಚಿತವಲ್ಲ. ಮುಖ್ಯ ಗಾಯಕರು ತಂಬೂರಿ ಮೀಟುತ್ತ ಕಥೆಯನ್ನು ನಡೆಸುವರು. ಇಕ್ಕೆಲದಲ್ಲಿ ನಿಂತವರು ಡಿಮ್ಕಿಯನ್ನು ಬಾರಿಸುತ್ತ ಪಲ್ಲವಿಯನ್ನೆತ್ತುವರು. ಪಲ್ಲವಿ ಮುಗಿಯುವಷ್ಟರಲ್ಲಿ ಗಾಯಕರಿಗೆ ಮುಂದಿನ ನುಡಿ ನೆನಪಿಗೆ ಬಂದಿರುತ್ತದೆ. ದೀರ್ಘಕಥೆಯನ್ನು ಪುಸ್ತಕವಿಲ್ಲದೆ ಹಾಡುವ ಗುಟ್ಟುಗಳಲ್ಲಿ ಇದೂ ಒಂದು. ಜನರನ್ನು ಎಚ್ಚರಿಸುವ ಶಕ್ತಿ ಈ ಕಲೆಗೆ ಎಷ್ಟಿತ್ತೆಂದರೆ, ಮದರಾಸಿನಲ್ಲಿ ಬ್ರಿಟಿಷ್ ಸರ್ಕಾರವೂ ಇದೇ ಹೈದರಾಬಾದಿನಲ್ಲಿ ನಿಜಾಮ ಸರ್ಕಾರವೂ ಇದನ್ನು ಒಮ್ಮೆ ನಿಷೇಧಿಸಿದ್ದವು.

ಈರಮ್ಮನವರಿಗೆ 12 ಜನಪದ ಮಹಾಕಾವ್ಯಗಳು ಬಾಯಿಪಾಠವಾಗಿದ್ದವು. ದರೋಜಿಗೆ ಸಮೀಪದ ಕಂಪಿಲಿಯನ್ನಾಳಿದ ಮನೆತನದ ವೀರ ಕುಮಾರರಾಮನ ಕಥೆ ಅವುಗಳಲ್ಲಿ ಒಂದು. ದೆಹಲಿಯ ಸೈನ್ಯದೆದುರು ಆ ರಾಜ್ಯ 1327ರಲ್ಲಿ ಅಳಿಯಿತು; ಆದರೆ ವೀರನ ಹೆಸರು ಹಾಡಿನಲ್ಲಿ ಉಳಿಯಿತು. ಅವರು ಬಲ್ಲ ಕಾವ್ಯಗಳನ್ನು ಬರೆದಿಳಿಸಿದರೆ ಸುಮಾರು 7,000 ಪುಟಗಳಾಗುವುವೆಂದು ಹೇಳುತ್ತಾರೆ. ನಿಮ್ಮ ನೂರು ಪುಟದ ನೋಟುಪುಸ್ತಕಗಳಲ್ಲಿ ಬರೆದರೆ ಎಪ್ಪತ್ತು ಪುಸ್ತಕಗಳು ಬೇಕು!

1999ರಲ್ಲಿ ಕರ್ನಾಟಕ ಸರ್ಕಾರವು ಅವರಿಗೆ ರಾಜ್ಯೋತ್ಸವ ಪ್ರಶಸ್ತಿಯನ್ನಿತ್ತಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯಿಂದ ಗೌರವಿಸಿತು. ಶಾಲೆಯನ್ನೇ ಕಾಣದವರಿಗೆ ವಿಶ್ವವಿದ್ಯಾಲಯವೊಂದು ತಲೆಬಾಗಿದುದು ಸಾಮಾನ್ಯ ಸಂಗತಿಯಲ್ಲ. ಹಾಗೆಂದು ಶಾಲೆಯೇ ಬೇಡವೆಂದು ಯಾರೂ ತಿಳಿಯಬಾರದು. ಕಂಠದ ವಿದ್ಯೆಗೆ ಒಂದು ದೊಡ್ಡ ಅಪಾಯವಿದೆ: ಕಲಿಯುವವರೂ ಬರೆದಿಡುವವರೂ ಇಲ್ಲವಾದರೆ ಅದು ಹಾಡುಗಾರರೊಡನೆಯೇ ಮಣ್ಣಾಗುತ್ತದೆ. ಈರಮ್ಮನವರು 2014ರ ಆಗಸ್ಟ್ 12ರಂದು ತೀರಿಕೊಂಡರು. ಅಂದು ನಾಡು ಕಳೆದುಕೊಂಡುದು ಒಂದು ಜೀವವನ್ನು ಮಾತ್ರವಲ್ಲ, ನಡೆದಾಡುವ ಒಂದು ಗ್ರಂಥಭಂಡಾರವನ್ನು.

ವಿದ್ಯಾರ್ಥಿಗಳೇ, ಬೀದಿಯಲ್ಲಿ ತೆಲುಗು, ಉರ್ದು ಕೇಳುತ್ತ ಮನೆಯಲ್ಲಿ ಕನ್ನಡವಾಡುವವರು ನೀವು. ನಿಮ್ಮ ಅಜ್ಜಿಯರು ರಾಯಚೂರು, ಕಲಬುರಗಿ, ಬೀದರುಗಳ ಕಡೆಯಿಂದ ತಂದ ಬೀಸುವ ಹಾಡು, ಸೋಬಾನೆ ಪದಗಳು ಇಲ್ಲಿ ಯಾವ ಪುಸ್ತಕದಲ್ಲಿಯೂ ದೊರೆಯಲಾರವು. ಈರಮ್ಮನವರಿಗೆ ಇಲ್ಲದಿದ್ದ ಅಕ್ಷರ ನಿಮ್ಮ ಕೈಯಲ್ಲಿದೆ. ಅವರಿಗಿದ್ದ ಹಾಡು ನಿಮ್ಮ ಮನೆಯಲ್ಲಿದೆ. ಈ ರಜೆಯಲ್ಲಿ ಹಿರಿಯರ ಬಳಿ ಕುಳಿತು ಒಂದು ಹಾಡನ್ನಾದರೂ ಕಲಿಯಿರಿ. ಬಳಿಕ ಅದನ್ನು ಹಾಡಿದವರ ಹೆಸರು, ಊರುಗಳೊಡನೆ ಬರೆದಿಡಿರಿ.